ಕತ್ತರಿಯ ಸದ್ದಿದ್ದ ಹಾಡು

ಹೋದ ತಿಂಗಳು ಬೆಳ್ತಂಗಡಿಯಲ್ಲಿರುವ ತಂಗಿಯ ಮನೆಗೆ ಹೋಗಿ ಹಿಂದೆ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಳೆ ಹಿಡಿಯಿತು. ತಗಡಿನ ಮಾಡಿನ ಕೆಳಗೆ ನಿಂತೆ. ಎದುರಿಗೆ ಒಂದು ಬಸ್ಸು ಇಂಜಿನ್ ಆರಿಸದೆ ಗುರುಗುಟ್ಟುತ್ತಿತ್ತು. ಮೇಲೆ ತಗಡಿಗೆ ಮಳೆ ಬಡಿಯುತ್ತಿತ್ತು. ಇದೆಲ್ಲದರ ಹಿಂದಿನಿಂದ ಒಬ್ಬ ಕಂಡಕ್ಟರ್ ಗುರುವಾಯನಕೆರೆ, ವೇಣೂರು, ಮೂಡುಬಿದ್ರೆ ಎಂದು ಕೂಗುತ್ತಿದ್ದ. ಆ ಊರುಗಳೇ ಎಂದು ಊಹಿಸಿದ್ದು, ಹೆಸರು ಒಂದೂ ಸರಿಯಾಗಿ ಕೇಳುತ್ತಿರಲಿಲ್ಲ. ಕೂಗುತ್ತಿದ್ದಾನೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು, ನೀರಿನ ಅಡಿಯಿಂದ ಯಾರೋ ಕರೆದ ಹಾಗೆ.

ಪಕ್ಕದಲ್ಲಿದ್ದ ಹೆಂಗಸು "ಎಂಥ ಕರಕರೆ ಮಾರಾಯ್ರೆ ಇದು" ಎಂದು ಕಿವಿ ಮುಚ್ಚಿಕೊಂಡಳು. ನನಗೆ ಕರಕರೆ ಅನಿಸಲಿಲ್ಲ. ಇದು ಪಾಸು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.  ಹಾಡುಗಳನ್ನು ಪಾಸು, ಫೇಲು ಎನ್ನುವ ಹಕ್ಕು ಒಂದು ಮಳೆಗಾಲ ನನ್ನ ಕೈಯಲ್ಲಿತ್ತು. ಆ ಮಳೆಗಾಲ ಮುಗಿಯುವಾಗ ಅದರಿಂದಲೇ ನನ್ನ ಸೊಸೆಗೆ ಮೋಸ ಮಾಡಿದೆ. ನಾಲ್ಕು ವರ್ಷ ಆಯಿತು. ಯಾರಿಗೂ ಹೇಳಿರಲಿಲ್ಲ.

ನನ್ನ ಮನೆ ಪಾಣೆಮಂಗಳೂರಿನಲ್ಲಿ, ಪೇಟೆಯಿಂದ ಮೇಲೆ ಗುಡ್ಡ ಕಡಿದು ಮಾಡಿದ ಸೈಟುಗಳಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಗಂಡ ಸತ್ತದ್ದು, ಮಗ ದಿನೇಶ ಓದಿದ್ದು, ಮನೆಗೆ ಹೆಂಚು ಹಾಕಿದ್ದು, ಎಲ್ಲ ಬೀಡಿಯ ಎಲೆ, ಹೊಗೆಸೊಪ್ಪಿನ ಪುಡಿ ಇಡುವ ಗೆರಸೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಆಯಿತು. ದಿನೇಶ ಮಸ್ಕತ್ತಿನಲ್ಲಿ ಒಂದು ಗೋಡೌನಿನ ಕೆಲಸಕ್ಕೆ ಸೇರಿದ. ರಜೆಯಲ್ಲಿ ಬಂದು ಮೂಡುಬಿದ್ರೆಯ ಹುಡುಗಿಯನ್ನು ಮದುವೆಯಾಗಿ ಇಪ್ಪತ್ತು ದಿನಕ್ಕೆ ವಾಪಸು ಹೋದ. ಅವಳ ವೀಸಾ ಆಗುವವರೆಗೆ ಅವಳು ನನ್ನ ಜೊತೆ ಇರಬೇಕು ಎಂದು ಮಾತಾಯಿತು. ಅವಳ ಹೆಸರು ಅಕ್ಷತಾ. ನಮ್ಮ ಕಡೆಯ ರೂಢಿಯಂತೆ ನನ್ನನ್ನು ಮಾಮಿ ಎಂದು ಕರೆಯುತ್ತಿದ್ದಳು.

ಬರುವಾಗ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಉದ್ದದ ಕಟ್ಟು ತಂದಿದ್ದಳು. ಅವಳು ರಿಕ್ಷಾದಿಂದ ಇಳಿಯುವುದನ್ನು ಪಕ್ಕದ ಮನೆಯ ಐಸಮ್ಮ ಬೇಲಿಯ ಹತ್ತಿರ ನಿಂತು ನೋಡಿದಳು. ಐಸಮ್ಮನೂ ನನ್ನ ಹಾಗೆ ಬೀಡಿಯವಳು, ನಲವತ್ತು ವರ್ಷದಿಂದ ನನ್ನ ಜೊತೆಗಾತಿ.

"ಲೀಲಕ್ಕ, ಸೊಸೆ ಎಂಥ ತಂದದ್ದು? ಮಗುವನ್ನು ಮಲಗಿಸಿದ ಹಾಗೆ ಹಿಡಿದಿದ್ದಾಳಲ್ಲ?"

"ಗಿಟಾರಂತೆ."

"ಅಡಿಗೆ ಬರ್ತದಾ ಕೇಳು ಮೊದಲು."

ಗಿಟಾರು ಕಪಾಟಿನ ಮೇಲೆ ಹೋಯಿತು. ದಿನೇಶ ಅದನ್ನು ಮದುವೆಯ ಸಮಯದಲ್ಲಿ ನೋಡಿದ್ದ. ಕಾಲೇಜಿನ ಹುಡುಗಿಯರ ಶೋಕಿ ಎಂದುಕೊಂಡಿರಬೇಕು, ಅದರ ವಿಷಯ ಕೇಳಲೂ ಇಲ್ಲ.

ಅಡಿಗೆ ಬರುತ್ತಿತ್ತು. ಕೆಲಸವೂ ಚುರುಕು. ಒಂದೇ ತೊಂದರೆ, ಯಾವಾಗ ನೋಡಿದರೂ ಕಿವಿಯಲ್ಲಿ ವಯರು. ನಾನು ಮೂರು ಸಲ ಕರೆದರೆ ಒಂದು ಸಲ ಕೇಳುತ್ತಿತ್ತು. ಜೂನ್ ತಿಂಗಳಲ್ಲಿ ಒಂದು ದಿನ ಸಿಟ್ಟು ಬಂತು.

"ಕೇಳುವುದಿದ್ದರೆ ಹೊರಗೆ ಹಾಕು. ನನಗೂ ಕೇಳಲಿ. ಮನೆಯಲ್ಲಿ ಇಬ್ಬರೇ ಇರುವುದು, ಅದರಲ್ಲಿ ಒಬ್ಬಳು ಕಿವುಡಿಯಾದರೆ ಹೇಗೆ?"

ಅವಳು ಹೆದರಿದಳು. ಆಮೇಲೆ ಒಳಗಿನಿಂದ ತಾಮ್ರದ ಚೆಂಬು ತಂದು, ಒರೆಸಿ, ಅದರೊಳಗೆ ಫೋನ್ ನಿಲ್ಲಿಸಿದಳು. ಸದ್ದು ದೊಡ್ಡದಾಯಿತು. ನಾನು ಎಲೆ ಕತ್ತರಿಸುತ್ತಾ ಸ್ವಲ್ಪ ಹೊತ್ತು ಕೇಳಿದೆ.

"ಫೋನು ಹಾಳಾಗಿದೆಯಾ?"

"ಇಲ್ಲ ಮಾಮಿ. ಹಾಡೇ ಹೀಗೆ."

"ಹಾಡುವವಳು ಎಲ್ಲಿದ್ದಾಳೆ? ಬಚ್ಚಲಿನಲ್ಲಾ?"

ಅವಳು ನಕ್ಕಳು. ಈ ಮನೆಗೆ ಬಂದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ಹೇಳಿದಳು, ಇದಕ್ಕೆ ಶೂಗೇಜ್ ಎಂದು ಹೆಸರು. ಗಿಟಾರಿನ ಸದ್ದನ್ನು ಹಿಗ್ಗಿಸಿ ಹಿಗ್ಗಿಸಿ ಗೋಡೆಯ ಹಾಗೆ ಕಟ್ಟಿ, ಹಾಡುವವರ ಧ್ವನಿಯನ್ನು ಅದರ ಹಿಂದೆ ಇಡುತ್ತಾರೆ. ಗಿಟಾರಿನವರ ಕಾಲಿನ ಹತ್ತಿರ ಸದ್ದು ಬದಲಿಸುವ ಸ್ವಿಚ್ಚಿನಂಥ ಗುಂಡಿಗಳಿರುತ್ತವೆ, ಅವನ್ನು ಮೆಟ್ಟಬೇಕು. ಹಾಗಾಗಿ ತಲೆ ಎತ್ತುವುದೇ ಇಲ್ಲ, ಹಾಡು ಮುಗಿಯುವವರೆಗೆ ಅವರವರ ಶೂ ನೋಡಿಕೊಂಡು ನಿಲ್ಲುತ್ತಾರೆ. ಜನ ತಮಾಷೆಗೆ ಆ ಹೆಸರು ಇಟ್ಟರಂತೆ.

"ಅದರಲ್ಲಿ ತಮಾಷೆ ಎಂಥ ಉಂಟು?" ಎಂದೆ. "ನಾನು ಐವತ್ತು ವರ್ಷದಿಂದ ತೊಡೆ ನೋಡಿಕೊಂಡೇ ಕೂತಿದ್ದೇನೆ. ಕೆಲಸ ಇರುವುದು ಕೆಳಗೆ. ಮೇಲೆ ನೋಡಿ ಎಂಥ ಮಾಡುವುದು?"

ಆ ಮಾತನ್ನು ಅವಳು ಎಲ್ಲೋ ಬರೆದುಕೊಂಡಳು. ನನಗೆ ಆಗ ಗೊತ್ತಾಗಲಿಲ್ಲ.

ಲೋಕದ ಹೊಸ ಹಾಡುಗಳೆಲ್ಲ ಶುಕ್ರವಾರ ಹೊರಗೆ ಬರುತ್ತವಂತೆ. ಯಾರು ಹಾಗೆ ಮಾಡಿದರೋ ಅವಳಿಗೂ ಗೊತ್ತಿರಲಿಲ್ಲ. ಐಸಮ್ಮನಿಗೆ ಹೇಳಿದಾಗ "ಜುಮ್ಮಾದ ದಿನವೇ ಬೇಕಿತ್ತಾ ಇವರಿಗೆ, ಬೇರೆ ಆರು ದಿನ ಎಂಥ ಮಾಡ್ತಾರೆ?" ಎಂದಳು. ಶುಕ್ರವಾರ ಬೆಳಿಗ್ಗೆ ನೆಟ್ ಚೆನ್ನಾಗಿ ಸಿಗುವ ಹೊತ್ತಿಗೆ ಅಕ್ಷತಾ ಬೇಲಿಯ ಹತ್ತಿರ ಕೊಡೆ ಹಿಡಿದು ನಿಂತು ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳುತ್ತಿದ್ದಳು. ಗಂಜಿ ಊಟ ಆದ ಮೇಲೆ ಜಗಲಿಯಲ್ಲಿ ಚೆಂಬು ಇಡುತ್ತಿದ್ದಳು. ನಾನು ಎಲೆ ಕತ್ತರಿಸುವುದು, ಅವಳು ಕಟ್ಟಿದ ಬೀಡಿಗೆ ತುದಿ ಮಡಚುವುದು, ನಡುವೆ ಚೆಂಬು.

ಹೆಸರು ಕೇಳಿದರೆ ಯಾರೂ ಕೇಳಿರದ ಜನ. ಯಾವುದೋ ಊರಿನ ಇಬ್ಬರು ಅಕ್ಕತಂಗಿಯರು, ಯಾವುದೋ ದೇಶದಲ್ಲಿ ಅಂಗಡಿ ಕೆಲಸ ಮಾಡುವ ನಾಲ್ವರು ಹುಡುಗರು, ಮಲಗುವ ಕೋಣೆಯಲ್ಲೇ ಎಲ್ಲ ಮಾಡಿ ಮುಗಿಸಿದ ಒಬ್ಬಳು ಹೆಂಗಸು. ಇಂಥವರನ್ನು ಹುಡುಕುವುದೇ ಅಕ್ಷತಾಳ ಹುಚ್ಚು. ಅದರಲ್ಲಿ ಎರಡು ಜಾತಿ. ಒಂದು ಈ ದೊಡ್ಡ ಸದ್ದಿನದ್ದು. ಇನ್ನೊಂದಕ್ಕೆ ಇಂಡೀ ಪಾಪ್ ಎನ್ನುತ್ತಾರೆ, ಅದು ಸಣ್ಣ ಹಾಡು. ಗಿಟಾರು ಟಿಣಿಟಿಣಿ ಎನ್ನುತ್ತದೆ, ಹಾಡುವವಳಿಗೆ ಬೇಸರ ಇದೆ, ಆದರೂ ಕಾಲು ನೆಲದಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಬೈಸಿಕೊಂಡ ಹುಡುಗಿ ಮನೆಗೆ ಬರುವಾಗ ನೀರು ನಿಂತಲ್ಲೆಲ್ಲ ಚಪ್ಪಲಿ ಬಡಿದುಕೊಂಡು ಬರುವುದಿಲ್ಲವಾ, ಹಾಗೆ.

ನನಗೆ ಇಂಗ್ಲಿಷು ಬಾರದು. ಅವಳು ಅರ್ಥ ಹೇಳಲು ಹೊರಟರೆ ಬೇಡ ಎನ್ನುತ್ತಿದ್ದೆ. ಅರ್ಥ ಹೇಳಿದರೆ ಹಾಡು ಚಿಕ್ಕದಾಗುತ್ತಿತ್ತು. ಮಾತು ತಿಳಿಯದಿದ್ದರೂ ಹಾಡುವವಳು ಸುಖದಲ್ಲಿದ್ದಾಳಾ, ಸುಳ್ಳು ಹೇಳುತ್ತಿದ್ದಾಳಾ, ಯಾರನ್ನಾದರೂ ಕಾಯುತ್ತಿದ್ದಾಳಾ ಎಂಬುದು ಗೊತ್ತಾಗುತ್ತದೆ. ಆಷಾಢದ ಹೊತ್ತಿಗೆ ನನಗೆ ಅದು ಅಭ್ಯಾಸವಾಯಿತು.

ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡುವಾಗ ಅಲ್ಲಿ ಒಬ್ಬ ಚೆಕ್ಕರ್ ಕೂತಿರುತ್ತಾನೆ. ಕಟ್ಟನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾನೆ. ಒಳಗೆ ಸಡಿಲ ಇದ್ದರೆ, ತುದಿ ಮಡಚಿದ್ದು ಸರಿ ಇಲ್ಲದಿದ್ದರೆ, ಅಲ್ಲೇ ಎರಡು ತುಂಡು ಮಾಡಿ ಬುಟ್ಟಿಗೆ ಎಸೆಯುತ್ತಾನೆ. ಮುರಿದದ್ದನ್ನು ಕೂಡಿಸಲಿಕ್ಕಾಗುವುದಿಲ್ಲ. ಹಾಡು ಹೇಗಿದೆ ಎಂದು ಅಕ್ಷತಾ ಕೇಳಿದಾಗ ನನಗೆ ಬರುವ ಭಾಷೆ ಅದೊಂದೇ.

"ಇದರಲ್ಲಿ ಪುಡಿ ಜಾಸ್ತಿ, ಎಲೆ ಕಮ್ಮಿ."

"ಅಂದ್ರೆ?"

"ಸದ್ದೇ ತುಂಬಿಸಿದ್ದಾರೆ. ಹಿಡಿದಿಡಲಿಕ್ಕೆ ಎಂಥದೂ ಇಲ್ಲ. ಮುರಿ."

"ಇದು?"

"ಚಂದ ಉಂಟು. ತುದಿ ಮಡಚಲಿಲ್ಲ. ನಿಲ್ಲಿಸುವುದು ಎಲ್ಲಿ ಎಂದು ಅವನಿಗೇ ಗೊತ್ತಿಲ್ಲ. ಹೋಗಲಿ, ಪಾಸು ಮಾಡುವ."

ಒಂದು ನಿಯಮ ಮಾತ್ರ ನಾನೇ ಹಾಕಿದೆ. ಯಾರ ಹಾಡು ಎಂದು ಮೊದಲೇ ಹೇಳಬಾರದು. ಇದಕ್ಕೆ ಕಾರಣ ಇತ್ತು. ನಾನು ಎಳೆಯವಳಾಗಿದ್ದಾಗ ಒಬ್ಬ ಚೆಕ್ಕರಿಗೆ ಎದುರು ಮಾತಾಡಿದ್ದೆ. ಮರುದಿನ ಅವನು ಮೊದಲು ನನ್ನ ಬೀಡಿ ಲೆಕ್ಕದ ಪಾಸ್‌ಬುಕ್ಕಿನ ಹೆಸರು ನೋಡಿದ, ಆಮೇಲೆ ಬೀಡಿ ನೋಡಿದ. ಒಂದು ದಿನದ ಕೆಲಸ ಪೂರಾ ಮುರಿದು ಹಾಕಿದ. ಒಂದರಲ್ಲೂ ಐಬಿರಲಿಲ್ಲ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಗೊತ್ತಿತ್ತು. ಇದನ್ನು ಅಕ್ಷತಾಳಿಗೆ ಹೇಳಿ, "ಹೆಸರು ನೋಡಿದರೆ ಕೈ ವಾಲುತ್ತದೆ. ನನಗೆ ಮಾಲು ಮಾತ್ರ ತೋರಿಸು" ಎಂದೆ. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು.

ಅವಳು ಇಂಟರ್‌ನೆಟ್ಟಿನಲ್ಲಿ ಒಂದು ಪಟ್ಟಿ ಬರೆಯುತ್ತಿದ್ದಳು, ಈ ವಾರ ಯಾವ ಹೊಸ ಹಾಡು ಕೇಳಬೇಕು, ಯಾವುದನ್ನು ಬಿಡಬೇಕು ಎಂದು. ಅದರಲ್ಲಿ ನನ್ನ ಮಾತುಗಳನ್ನು ಇಂಗ್ಲಿಷಿಗೆ ಹಾಕುತ್ತಿದ್ದಳಂತೆ. ಒಂದು ದಿನ ಓಡಿಕೊಂಡು ಬಂದಳು.

"ಮಾಮಿ, ನೀವು ತುದಿ ಮಡಚಲಿಲ್ಲ ಅಂತ ಹೇಳಿದ್ರಲ್ಲ, ಆ ಹುಡುಗರು ಉತ್ತರ ಬರೆದಿದ್ದಾರೆ!"

"ಬೈದಿದ್ದಾರಾ?"

"ಇಲ್ಲ. ಹೌದು, ನಮಗೂ ಹಾಗೇ ಅನಿಸಿತ್ತು ಅಂತ. ನಿಮ್ಮ ಮಾಮಿ ಯಾರು ಅಂತ ಕೇಳಿದ್ದಾರೆ."

"ಅವರ ಊರಿನಲ್ಲಿ ಮಳೆ ಉಂಟಾ?"

"ಹಿಮ ಬೀಳ್ತದೆ."

"ಹಾಗಾದರೆ ಎಲೆ ಮೆತ್ತಗಿರ್ತದೆ. ತುದಿ ಮಡಚಲಿಕ್ಕೆ ಸುಲಭ, ಹೇಳು ಅವರಿಗೆ."

ಐಸಮ್ಮ ಊರೆಲ್ಲ ಹೇಳಿಕೊಂಡು ಬಂದಳು, ಲೀಲಕ್ಕ ಈಗ ವಿದೇಶದವರ ಹಾಡು ರಿಜೆಕ್ಟ್ ಮಾಡುತ್ತಾಳೆ ಎಂದು. ಬ್ರಾಂಚಿನಲ್ಲಿ ಹೆಂಗಸರು "ಚೆಕ್ಕರಮ್ಮ ಬಂದ್ರು, ದಾರಿ ಬಿಡಿ" ಎಂದು ಚೇಷ್ಟೆ ಮಾಡಿದರು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಖುಷಿಯಾಯಿತು. ಅಷ್ಟು ವರ್ಷ ಬೇರೆಯವರ ಹೆಬ್ಬೆರಳಿನ ಅಡಿಯಲ್ಲಿದ್ದವಳು ನಾನು. ಈಗ ನನ್ನ ಹೆಬ್ಬೆರಳಿಗೂ ಒಂದು ಲೆಕ್ಕ ಬಂದಿತ್ತು.

ಜುಲೈ ಕೊನೆಗೆ ನೇತ್ರಾವತಿ ಏರಿತು. ಕೆಳಗಿನ ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಜನ ಸೇತುವೆಯ ಮೇಲೆ ಕೊಡೆ ಹಿಡಿದು ನೀರು ನೋಡಲು ನಿಂತರು. ಮೂರು ದಿನ ಕರೆಂಟಿಲ್ಲ, ನೆಟ್ಟಿಲ್ಲ. ಅದರ ನಡುವೆ ಶುಕ್ರವಾರ ಬಂತು. ಚೆಂಬು ಖಾಲಿ. ಅಕ್ಷತಾ ಎರಡು ಸಲ ಬೇಲಿಯವರೆಗೆ ಹೋಗಿ ಬಂದಳು. ಆಮೇಲೆ ಕುರ್ಚಿ ಹತ್ತಿ ಕಪಾಟಿನ ಮೇಲಿನಿಂದ ಆ ಕಟ್ಟು ಇಳಿಸಿದಳು, ನನ್ನೆದುರು ನೆಲದಲ್ಲಿ ಕೂತು ಬಿಚ್ಚಿದಳು. ತೇವಕ್ಕೆ ತಂತಿ ಸಡಿಲವಾಗಿತ್ತು. ಬಿಗಿ ಮಾಡಿ ಬಿಗಿ ಮಾಡಿ ಒಂದು ಗಂಟೆ ಕಳೆದಳು.  ಅವಳು ಉಳಿದಿದ್ದ ಸ್ವಲ್ಪ ಚಾರ್ಜಿನಲ್ಲಿ ಫೋನನ್ನು ನನ್ನ ಕತ್ತರಿಯ ಪಕ್ಕ ಇಟ್ಟಳು.

"ಇದು ಯಾಕೆ ಇಲ್ಲಿ?"

"ನೀವು ಕತ್ತರಿಸಿ ಮಾಮಿ. ಅದರ ಸದ್ದು ಬೇಕು."

"ಮಂಗ," ಎಂದೆ. ಕತ್ತರಿಸಿದೆ.

ನಂತರದ ವಾರಗಳಲ್ಲಿ ಮಧ್ಯಾಹ್ನ ನಾನು ಬ್ರಾಂಚಿಗೆ ಹೋದಾಗ ಅವಳು ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದಳು. ಫೋನಿನಲ್ಲೇ ಗಿಟಾರಿನ ಸದ್ದನ್ನು ದೊಡ್ಡ ಮಾಡಲಿಕ್ಕಾಗುತ್ತದಂತೆ. ಒಂದು ದಿನ ತೊಗರಿ ಆರಿಸುತ್ತಾ ತಾನಾಗಿ ಹೇಳಿದಳು. ಹಿಮದ ಊರಿನ ಆ ಹುಡುಗರ ಹಾಡುಗಳನ್ನು ಹೊರಗೆ ತರುವ ಒಂದು ಸಣ್ಣ ಕಂಪೆನಿ ಇದೆ. ಅವರು ಇವಳ ಪಟ್ಟಿ ಓದಿ, ನೀನೂ ಹಾಡು ಕಟ್ಟುತ್ತೀಯಾ ಎಂದು ಕೇಳಿದ್ದಾರೆ.

"ಒಂದು ಕಳಿಸು ಅಂದಿದ್ದಾರೆ. ಹಿಡಿಸಿದ್ರೆ ಇನ್ನು ಮೂರು ಬೇಕಂತೆ. ನಾಲ್ಕು ಸೇರಿಸಿ ಒಂದು ಶುಕ್ರವಾರ ಬಿಡ್ತಾರಂತೆ."

"ಕಳಿಸಿದ್ಯಾ?"

"ಇಲ್ಲ. ಮೊದಲು ಸರಿ ಉಂಟಾ ಗೊತ್ತಾಗ್ಬೇಕಲ್ಲ."

ಹೇಳಿ ನನ್ನ ಮುಖ ನೋಡಿದಳು. ನಾನು ತೊಗರಿ ನೋಡಿದೆ.

ಆ ವಾರವೇ ವೀಸಾ ಆಯಿತು. ದಿನೇಶ ಫೋನಿನಲ್ಲಿ ಮಕ್ಕಳ ಹಾಗೆ ಮಾತಾಡಿದ. "ಅಮ್ಮಾ, ಪರದೆ ಹಾಕಿದ್ದೇನೆ. ಮಿಕ್ಸಿ ತೆಗೊಂಡೆ. ಅವಳಿಗೆ ಯಾವ ಬಣ್ಣದ ಬಕೆಟ್ ಬೇಕು ಕೇಳಿ ಹೇಳಿ." ಅವನು ಆರು ವರ್ಷ ಎಂಟು ಗಂಡಸರ ಜೊತೆ ಒಂದು ಕೋಣೆಯಲ್ಲಿ ಮಲಗಿದವನು. ಬಕೆಟಿನ ಬಣ್ಣವನ್ನು ಎರಡು ಸಲ ಕೇಳಿದ.

ಮರುದಿನ ಅಕ್ಷತಾ ನನ್ನ ಪಕ್ಕ ಬಂದು ಕೂತಳು. "ಮಾಮಿ, ದೀಪಾವಳಿ ಮುಗಿಸಿ ಹೋದ್ರೆ ಆಗ್ತದಾ? ಅಲ್ಲಿ ಒಂದು ಫ್ಲಾಟಿನಲ್ಲಿ ಮೂರು ಸಂಸಾರ ಇರುದಂತೆ. ಗೋಡೆ ತೆಳು. ಇದೆಲ್ಲ ಅಲ್ಲಿ ಮಾಡ್ಲಿಕ್ಕೆ ಆಗುದಿಲ್ಲ."

"ನೋಡುವ," ಎಂದೆ.

ಶುಕ್ರವಾರ ಬಂತು. ಆಗಸ್ಟ್ ಕೊನೆ, ನಮ್ಮ ಸೋಣ ತಿಂಗಳು, ಮಳೆ ಹೋಗಿ ಬಂದು ಮಾಡುತ್ತಿತ್ತು. ಮಧ್ಯಾಹ್ನ ಚೆಂಬು ಇಟ್ಟಳು. "ಇವತ್ತು ಐದು ಉಂಟು" ಎಂದಳು. ಮೊದಲನೆಯದು ಸಣ್ಣ ಹಾಡು, ಪಾಸು ಮಾಡಿದೆ. ಎರಡನೆಯದಕ್ಕೆ ಜೀವವಿರಲಿಲ್ಲ, ಮುರಿ ಎಂದೆ.

ಮೂರನೆಯದು ಶುರುವಾಯಿತು. ಮೊದಲು ತಳದಲ್ಲಿ ಒಂದು ಸದ್ದು, ನೆರೆ ನೀರು ಸೇತುವೆಯ ಕಂಬಕ್ಕೆ ತಾಗಿ ಹೋಗುವ ಹಾಗೆ. ಅದರ ಮೇಲೆ ಕತ್ತರಿ. ಎರಡು ಸಲ ಬೇಗ, ಒಂದು ಸಲ ನಿಧಾನ, ಎಲೆ ತಿರುಗಿಸುವಷ್ಟು ಬಿಡುವು, ಮತ್ತೆ ಎರಡು ಸಲ. ಐವತ್ತು ವರ್ಷದಿಂದ ನನ್ನ ಕೈ ಹಾಗೆಯೇ ಕತ್ತರಿಸುವುದು. ನನ್ನ ಕೈಯನ್ನು ನಾನು ಗುರುತಿಸದೆ ಇರುತ್ತೇನಾ? ಆಮೇಲೆ ಗಿಟಾರು ಮಂಜಿನ ಹಾಗೆ ಕವಿಯಿತು, ಅದರ ಹಿಂದಿನಿಂದ ಅವಳ ಸ್ವರ ಬಂತು. ನಮ್ಮ ತುಳುವಿನ ಮಾತೇ ಇರಬೇಕು, ಆದರೆ ಒಂದೂ ಬಿಡಿಸಿ ಕೇಳುತ್ತಿರಲಿಲ್ಲ.

ಅದು ಚೆನ್ನಾಗಿತ್ತು. ಆ ಮಳೆಗಾಲದಲ್ಲಿ ಚೆಂಬಿನಿಂದ ಬಂದ ಯಾವ ಹಾಡೂ ಅದರ ಹತ್ತಿರ ಬರುವುದಿಲ್ಲ. ಬಿಗಿ ಇತ್ತು, ಉಸಿರೂ ಇತ್ತು, ತುದಿ ಚಂದ ಮಡಚಿತ್ತು.

ನನಗೆ ಇನ್ನೊಂದೂ ಕೇಳಿಸಿತು. ಅವಳೇ ನನಗೆ ಕಲಿಸಿದ ಕಿವಿಯಿಂದ ಕೇಳಿಸಿತು. ಆ ಹಾಡಿನೊಳಗೆ ಅವಳು ಒಬ್ಬಳೇ ಇದ್ದಳು, ಮತ್ತು ಸುಖವಾಗಿದ್ದಳು. ಯಾರನ್ನೂ ಕಾಯುತ್ತಿರಲಿಲ್ಲ. ನನ್ನ ಕತ್ತರಿಗೆ ಅದರಲ್ಲಿ ಜಾಗವಿತ್ತು. ನನ್ನ ಮಗನಿಗೆ ಇರಲಿಲ್ಲ. ಪರದೆ ಹಾಕಿ ಕೂತವನಿಗೆ ಒಂದು ಮೂಲೆಯೂ ಇರಲಿಲ್ಲ. ಇದು ಪಾಸಾದರೆ ದೀಪಾವಳಿ ಆಗುತ್ತದೆ, ದೀಪಾವಳಿ ಹೋಗಿ ಮತ್ತೊಂದು ಹಬ್ಬ ಆಗುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕಿತು.

ಹಾಡು ಮುಗಿಯಿತು. ಅವಳು ತುದಿ ಮಡಚುತ್ತಲೇ ಇದ್ದಳು, ಮುಖ ಎತ್ತಲಿಲ್ಲ.

"ಹೇಗುಂಟು?"

"ಯಾರದ್ದು?" ಎಂದೆ. ನನ್ನ ನಿಯಮವನ್ನು ನಾನೇ ಮುರಿದೆ. ಅವಳು ಬಾಯಿ ಬಿಟ್ಟು ಹೇಳಿದರೆ ನನ್ನ ಕೆಲಸ ಕಷ್ಟವಾಗುತ್ತಿತ್ತು. ಹೇಳಲಿ ಎಂದು ಒಂದು ಕಡೆ ಆಸೆಯೂ ಇತ್ತು.

"ಯಾರದ್ದೋ. ಹೊಸಬರದ್ದು."

"ಬೇಡ. ಒಳಗೆ ಎಂಥದೂ ಇಲ್ಲ. ಮುರಿ."

ಅವಳು ಕೈಯಲ್ಲಿದ್ದ ಬೀಡಿಯ ತುದಿ ಮಡಚಿ ಮುಗಿಸಿದಳು. ಆಮೇಲೆ "ಸರಿ ಮಾಮಿ" ಎಂದಳು. ಚೆಂಬಿನಿಂದ ಫೋನ್ ತೆಗೆದು, ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದಳು, ಮತ್ತೊಂದು ಕಡೆ ಒತ್ತಿದಳು. ನನ್ನ ಕಣ್ಣೆದುರೇ ಅಳಿಸಿದಳು. ಅಳಿಸುವುದು ಎಂದು ನನಗೆ ಗೊತ್ತಾಯಿತು. ತಡೆಯಬಹುದಿತ್ತು. ಒಂದು ಮಾತು ಸಾಕಿತ್ತು. ನಾನು ಮುಂದಿನ ಎಲೆ ತೆಗೆದುಕೊಂಡೆ. ಅವಳು ನಾಲ್ಕನೆಯ ಹಾಡು ಹಾಕಿದಳು. ಅದು ಕಸ. ನಾನು ಪಾಸು ಮಾಡಿದೆ.

ಆ ವಾರ ಪಟ್ಟಿ ಬರೆಯಲಿಲ್ಲ. ದೀಪಾವಳಿಯ ಮಾತನ್ನು ಮತ್ತೆ ಎತ್ತಲೂ ಇಲ್ಲ. ಹಸಿರು ಬಕೆಟ್ ಬೇಕು ಎಂದು ದಿನೇಶನಿಗೆ ಹೇಳಿದಳು. ಒಂದು ದಿನ ಬೆಳಿಗ್ಗೆ ಗಿಟಾರನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿ ಮೂಡುಬಿದ್ರೆಯ ಬಸ್ಸು ಹತ್ತಿದಳು. ಸಂಜೆ ಬರುವಾಗ ಕೈ ಖಾಲಿ ಇತ್ತು. ಅವಳು ಓದಿದ ಕಾಲೇಜಿನ ಒಬ್ಬಳು ಹುಡುಗಿಗೆ ಕೊಟ್ಟು ಬಂದಳಂತೆ.

"ಯಾಕೆ ಕೊಟ್ಟದ್ದು?" ಐಸಮ್ಮ ಬೇಲಿಯಿಂದ ಕೇಳಿದಳು.

"ವಿಮಾನದಲ್ಲಿ ಲಗ್ಗೇಜು ಜಾಸ್ತಿ ಆಗ್ತದೆ ಐಸಕ್ಕ."

ಹೋಗುವ ದಿನ ನನ್ನ ಕಾಲು ಮುಟ್ಟಿ ಆಶೀರ್ವಾದ ಕೇಳಿದಳು. ಆ ಚೆಕ್ಕರ್ ನನ್ನ ಬೀಡಿ ಮುರಿದಾಗ ನನಗೆ ಅಳಲಿಕ್ಕಾದರೂ ಆಗಿತ್ತು, ಅವನನ್ನು ಶಪಿಸಲಿಕ್ಕಾದರೂ ಆಗಿತ್ತು. ಇವಳಿಗೆ ಅದೂ ಇಲ್ಲ. ತನ್ನ ಮಾಲೇ ಸರಿ ಇಲ್ಲ ಎಂದು ನಂಬಿಕೊಂಡು ಹೋದಳು. ಅವನು ಮಾಡಿದ್ದಕ್ಕಿಂತ ನಾನು ಮಾಡಿದ್ದು ಕೆಟ್ಟದ್ದು. ಈ ಲೆಕ್ಕವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದೇ ಬರುತ್ತದೆ.

ಮಸ್ಕತ್ತಿನಲ್ಲಿ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಫೋನ್ ಬರುತ್ತದೆ. ಮೊದಲ ವರ್ಷ ನಾನು "ಹೊಸದು ಎಂಥ ಬಂತು?" ಎಂದು ಕೇಳುತ್ತಿದ್ದೆ. "ಗೊತ್ತಿಲ್ಲ ಮಾಮಿ, ಕೇಳ್ಲಿಕ್ಕೆ ಪುರುಸೊತ್ತಿಲ್ಲ" ಎನ್ನುತ್ತಿದ್ದಳು. ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಾಳೆ. ದಿನೇಶ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಅದರಲ್ಲಿ ಸಂಶಯ ಬೇಡ. ಅವಳೂ ಅವನ ಮೇಲೆ ಜೀವ ಇಟ್ಟಿದ್ದಾಳೆ. ಹಾಗಾದರೆ ಆ ಹಾಡು ನಾನು ಪಾಸು ಮಾಡಿದ್ದರೂ ಇದು ಹೀಗೇ ಆಗುತ್ತಿತ್ತೋ ಏನೋ. ಇಬ್ಬರಿಗೂ ಜಾಗ ಆಗುತ್ತಿತ್ತೋ ಏನೋ. ನಾನು ನೋಡಲು ಬಿಡಲಿಲ್ಲ. ಕೊನೆಗೆ ಕೇಳುವುದನ್ನೇ ನಿಲ್ಲಿಸಿದೆ. ಅವಳ ಉತ್ತರಕ್ಕಿಂತ ನನ್ನ ಪ್ರಶ್ನೆ ನನಗೆ ನಾಚಿಕೆ ತರುತ್ತಿತ್ತು.

ಬೆಳ್ತಂಗಡಿಯಿಂದ ಬಂದ ಮೇಲೆ ನಾಲ್ಕು ದಿನ ತಡೆದೆ. ಶುಕ್ರವಾರ ಅವರು ಮಾಡುವ ಮೊದಲೇ ನಾನು ಫೋನ್ ಮಾಡಿದೆ. ಅಕ್ಷತಾ ತೆಗೆದಳು.

"ಎಂಥ ಮಾಮಿ, ಇಷ್ಟು ಬೇಗ? ಹುಷಾರುಂಟಲ್ಲ?"

"ಹುಷಾರುಂಟು. ದಿನೇಶ ಎಲ್ಲಿ?"

"ಮೀನಿಗೆ ಹೋಗಿದ್ದಾರೆ."

"ಹಾಗಾದರೆ ಕೇಳು. ಅಂದು ಮೂರನೆಯ ಹಾಡು ನಿನ್ನದು ಅಂತ ನನಗೆ ಗೊತ್ತಾಗಿತ್ತು."

"ಯಾವ ಹಾಡು?"

"ಕತ್ತರಿಯದ್ದು."

ಆ ಕಡೆ ಕುಕ್ಕರ್ ಕೂಗಿತು. ಅವಳು ಗ್ಯಾಸ್ ಆರಿಸಿದ್ದು ಕೇಳಿಸಿತು.

"ಯಾವಾಗ ಗೊತ್ತಾಯ್ತು?"

"ಹಾಡಿನಲ್ಲಿ ನಿನ್ನ ಸ್ವರ ಬರುವ ಮೊದಲೇ. ಕತ್ತರಿಗೇ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ಚಂದ ಇತ್ತು. ಅದಕ್ಕೆ. ಅದು ಪಾಸಾದ್ರೆ ನೀನು ಹೋಗುದಿಲ್ಲ ಅಂತ ಹೆದರಿಕೆ ಆಯ್ತು. ಸುಳ್ಳು ಹೇಳಿದೆ."

ಅವಳು ಕುಕ್ಕರನ್ನು ಒಲೆಯಿಂದ ಇಳಿಸಿದ ಸದ್ದು ಬಂತು. ನಾನು ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಿದ್ದಳು, ಅವಳ ಗುಣ ಅದು. ಅಷ್ಟು ಅಗ್ಗದಲ್ಲಿ ಮುಗಿಸುವುದು ನನಗೆ ಬೇಡವಾಗಿತ್ತು.

"ನಾಲ್ಕು ವರ್ಷ ಮಾಮಿ," ಎಂದಳು ಕೊನೆಗೆ. "ನಾಲ್ಕು ವರ್ಷ ನನಗೆ ಬರುದಿಲ್ಲ ಅಂತ ತಿಳ್ಕೊಂಡೆ."

"ಹೌದು."

"ನನ್ನ ಹತ್ರ ಅದು ಇಲ್ಲ ಈಗ. ಎಲ್ಲೂ ಇಲ್ಲ. ಕೆಲವು ಸಲ ನೆನಪು ಮಾಡ್ಲಿಕ್ಕೆ ನೋಡ್ತೇನೆ. ಮೊದಲಿಂದು ಬರ್ತದೆ, ನಡುವಿಂದು ಬರುದಿಲ್ಲ. ನಿಮಗೆ ನೆನಪುಂಟಾ?"

ಒಂದೇ ಸಲ ಕೇಳಿದ್ದು. ಆದರೆ ನಾಲ್ಕು ವರ್ಷ ಅದು ನನ್ನ ತಲೆಯಲ್ಲೇ ತಿರುಗಿದೆ, ನೆನಪಿಲ್ಲದೆ ಎಲ್ಲಿ ಹೋಗುತ್ತದೆ? ನನಗೆ ಹಾಡಲು ಬರುವುದಿಲ್ಲ. ಸ್ವರ ಹೊಗೆಸೊಪ್ಪಿನ ಪುಡಿಗೆ ಹೋಗಿದೆ. ಆದರೂ ಫೋನ್ ಬಾಯಿಯ ಹತ್ತಿರ ಹಿಡಿದು ನಡುವಿನ ಭಾಗವನ್ನು ಗುನುಗಿದೆ. ಬೇಲಿಯ ಆಚೆಯಿಂದ ಐಸಮ್ಮ "ಲೀಲಕ್ಕ, ಹೊಟ್ಟೆ ನೋವಾ?" ಎಂದಳು. ನಾನು ನಿಲ್ಲಿಸಲಿಲ್ಲ.

"ಅಲ್ಲ," ಎಂದಳು ಅಕ್ಷತಾ. "ಅಲ್ಲಿ ಮೇಲೆ ಹೋಗುದಲ್ಲ ಮಾಮಿ. ಕೆಳಗೆ. ಕೆಳಗೆ ಹೋಗಿ ನಿಲ್ಲುದು." ಗುನುಗಿ ತೋರಿಸಿದಳು. ನಾನು ಕೆಳಗೆ ಹೋದೆ. "ಹಾಂ, ಹಾಗೆ. ಮತ್ತೆ?" ಮತ್ತೆ ನಾನು ಸ್ವಲ್ಪ ಗುನುಗಿದೆ, ಅವಳು ಸ್ವಲ್ಪ ತಿದ್ದಿದಳು. ಅವಳ ಸ್ವರದಲ್ಲಿ ಸಿಟ್ಟಿತ್ತು. ಅದನ್ನು ಕೇಳಲು ನನಗೆ ಮಾತಿನ ಅರ್ಥ ಬೇಕಿರಲಿಲ್ಲ. ಆದರೆ ಬಿಡಲೂ ಇಲ್ಲ ಅವಳು. ಹೀಗೆ ಒಂದು ನಾಲ್ಕು ಸಾಲು ಹೋಗಿರಬಹುದು.

ಬಾಗಿಲಿನ ಸದ್ದಾಯಿತು. ದಿನೇಶ ಬಂದಿದ್ದ. ಫೋನು ಸ್ಪೀಕರಿನಲ್ಲಿ ಇತ್ತೆಂದು ಕಾಣುತ್ತದೆ.

"ಅಮ್ಮನಾ? ಎಂಥ ಹಾಡು ಅದು?"

ಅಕ್ಷತಾಳೇ ಹೇಳಿದಳು. "ಅಮ್ಮನದ್ದು. ಎಂಥದೋ ಹಳೆಯದ್ದು, ನೆನಪು ಮಾಡ್ತಾ ಇದ್ದಾರೆ."

ಮೀನಿನ ಚೀಲ ಕೆಳಗೆ ಇಟ್ಟ ಸದ್ದು ಕೇಳಿಸಿತು. ನಾನು ಸುಮ್ಮನಿದ್ದರೆ ಮಾತು ಮೀನಿಗೆ ತಿರುಗುತ್ತಿತ್ತು, ಎಲ್ಲರಿಗೂ ಸುಲಭವಾಗುತ್ತಿತ್ತು.

"ನನ್ನದಲ್ಲ ಮಾರಾಯ," ಎಂದೆ. "ಇವಳದ್ದು. ಇವಳು ಕಟ್ಟಿದ ಹಾಡು. ನಾನು ಮುರಿದು ಹಾಕಿದ್ದು."

ಅವನಿಗೆ ಅರ್ಥವಾಗಲಿಲ್ಲ. ಕೇಳಿದ, ನನ್ನನ್ನಲ್ಲ, ಅವಳನ್ನು.

"ನೀನು ಹಾಡು ಕಟ್ತೀಯಾ?"

ಮದುವೆಯಾಗಿ ನಾಲ್ಕು ವರ್ಷದ ಮೇಲೆ ಕೇಳಿದ. ಅದಕ್ಕೆ ಉತ್ತರ ಹೇಳಬೇಕಾದವಳು ಅವಳು. ಅದನ್ನು ಕೇಳಿಸಿಕೊಳ್ಳಲು ನನಗೆ ಹಕ್ಕಿರಲಿಲ್ಲ. ನಾನು ಫೋನ್ ಇಟ್ಟೆ.